ಡ್ರಿಲ್ ಕೇಳಲು ಬರುವವರ ಗಮನಕ್ಕೆ

ಹಬ್ಬದ ಮುಂಚೆ ಧೂಳು ಹೊಡೆಯುವಾಗ ನಮ್ಮ ಅಡ್ಡರಸ್ತೆಯ ಮನೆಗಳಿಂದ ಹಳೇ ಟೀಪಾಯಿ, ಮುರುಕು ಸ್ಟೂಲು, ಬಾಗಿಲು ಕಳಚಿದ ಚಪ್ಪಲಿ ಗೂಡು ಹೊರಗೆ ಬೀಳುತ್ತವೆ. ಗುಜರಿಯವನು ಅವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಪೆಟ್ ಅಂಗಡಿಯಲ್ಲಿ ಬೆಕ್ಕು ಹತ್ತುವ ಕಂಬಕ್ಕೆ ಸಾವಿರಗಟ್ಟಲೆ ಹೇಳುತ್ತಾರೆ. ಇವೆರಡರ ನಡುವೆ ಸಿಕ್ಕವರು ನೇರ ನಮ್ಮ ಗೇಟಿಗೆ ಬಂದು ಡ್ರಿಲ್ ಕೇಳುತ್ತಾರೆ. ಕೊಡುತ್ತೇನೆ. ಆದರೆ ಇದನ್ನು ಓದಿ ಬಂದವರಿಗೆ ಮಾತ್ರ.

ಮೊದಲ ಮಾತು. ಮನುಷ್ಯ ಕುರ್ಚಿಯನ್ನು ನೆಕ್ಕುವುದಿಲ್ಲ, ಟೀಪಾಯಿಯ ಕಾಲನ್ನು ಕಡಿಯುವುದಿಲ್ಲ, ಬೀರುವಿನ ತಲೆಯಿಂದ ಸ್ಟೂಲಿನ ಮೇಲೆ ಜಿಗಿಯುವುದಿಲ್ಲ. ನಿಮ್ಮ ಮನೆಯ ಸಾಮಾನೆಲ್ಲ ಇಂಥ ಮರ್ಯಾದಸ್ಥನಿಗೆಂದು ಮಾಡಿದ್ದು. ಅದನ್ನೀಗ ಬಾಯಿಂದಲೇ ಲೋಕ ಅರಿಯುವ ಜೀವಕ್ಕೆ ಕೊಡಲು ಹೊರಟಿದ್ದೀರಿ. ಹಾಗಾಗಿ ನಾಯಿಗೆ ಮಂಚ ಬೇಕೋ, ನಿಮಗೆ ಫೋಟೋ ಬೇಕೋ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಬನ್ನಿ.

ಮರ ಮತ್ತು ಬಣ್ಣ

ಸಾಮಾನನ್ನು ತಲೆಕೆಳಗು ಮಾಡಿ ನೋಡಿ. ಮೇಲೆ ತೇಗದ ಗೆರೆ ಕಂಡರೂ ಕೆಳಗೆ ಮರದ ಪುಡಿ ಅಂಟಿಸಿದ ಪಾರ್ಟಿಕಲ್ ಬೋರ್ಡ್ ಇರಬಹುದು. ಅಗ್ಗದ ಟೀಪಾಯಿ, ಟಿವಿ ಸ್ಟ್ಯಾಂಡುಗಳ ಮೈಯೆಲ್ಲ ಬಹುಪಾಲು ಅದೇ. ಅದಕ್ಕೆ ನೀರು ಶತ್ರು, ಮೂತ್ರ ಇನ್ನೂ ದೊಡ್ಡ ಶತ್ರು. ಒಮ್ಮೆ ಉಬ್ಬಿತೆಂದರೆ ಸ್ಕ್ರೂ ಹಿಡಿಯುವುದಿಲ್ಲ, ಒಳಗಿಳಿದ ವಾಸನೆಯೂ ಹೋಗುವುದಿಲ್ಲ. ಬಳಸಲೇಬೇಕಾದರೆ ಕೊಯ್ದ ಅಂಚಿಗೆಲ್ಲ ಪಟ್ಟಿ ಅಂಟಿಸಿ ಮುಚ್ಚಿ. ಕೊಯ್ದ ಅಂಚನ್ನು ಬಿಟ್ಟರೆ ಪುಡಿ ಉದುರುವುದಷ್ಟೇ ಅಲ್ಲ, ಒಳಗಿನ ಗೋಂದಿನ ಫಾರ್ಮಾಲ್ಡಿಹೈಡ್ ಕೂಡ ಹೊರಬರುತ್ತದೆ. ಹೊಸ ಹಲಗೆ ಕೊಳ್ಳುವಿರಾದರೆ ಐಎಸ್‌ಐ ಗುರುತಿನ ಪಕ್ಕದ ಸಂಖ್ಯೆ ಓದಿ: 303 ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್, 710 ಅಂದರೆ ನೀರು ತಡೆಯುವ ಮರೀನ್ ಪ್ಲೈ. ಮೊಲದ ಗೂಡಿಗೂ ಬೆಕ್ಕಿನ ಕಕ್ಕಸಿನ ಪೆಟ್ಟಿಗೆಗೂ ಎರಡನೆಯದೇ ಆಗಬೇಕು.

ತಾತನ ಕಾಲದ ಬಣ್ಣ ಬಳಿದ ಸಾಮಾನನ್ನು ಮುಟ್ಟಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಕೂಡದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಎನಾಮೆಲ್‌ನಲ್ಲಿ ಎಷ್ಟಿದೆಯೋ ಬರಿಗಣ್ಣಿಗೆ ತಿಳಿಯದು. ಉಜ್ಜಿ ತೆಗೆದರಾಯಿತು ಅನ್ನುವವರು ಇನ್ನೊಂದು ಹೆಜ್ಜೆ ಕೆಟ್ಟದ್ದು ಮಾಡುತ್ತಾರೆ. ಮರದ ಮೇಲಿದ್ದ ಸೀಸ ಧೂಳಾಗಿ ಮನೆ ಸೇರುತ್ತದೆ, ಬೆಕ್ಕಿನ ಮೈಮೇಲೆ ಕೂರುತ್ತದೆ, ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ. ಅಂಬೆಗಾಲಿಡುವ ಮಗುವಿದ್ದ ಮನೆಯಾದರೆ ಹೇಳುವುದೇ ಬೇಡ. ಬಣ್ಣವಿಲ್ಲದ ಹಳೇ ಹಲಸು, ತೇಗ ಸಿಕ್ಕರೆ ಸಂತೋಷವಾಗಿ ತನ್ನಿ.

ಕರಾವಳಿಯ ಕಡೆಯಿಂದ ಮರ ತರುವವರು ಗೇರೆಣ್ಣೆಯ ವಿಚಾರ ಕೇಳಿ ತಿಳಿದುಕೊಳ್ಳಿ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಗೆದ್ದಲು ಹಿಡಿಯದಿರಲೆಂದು ಮರಕ್ಕೆ ಬಳಿಯುವುದು ಹಳೇ ಪದ್ಧತಿ. ಹಸಿ ಎಣ್ಣೆ ತಾಗಿದರೆ ನಮ್ಮ ಚರ್ಮವೇ ಬೊಕ್ಕೆ ಏಳುತ್ತದೆ. ನಾಯಿಮರಿಯ ಬಾಯಿಗೆ ಅದು ಬೇಡ. ಗೆದ್ದಲಿನ ಔಷಧಿ ಹೊಡೆಸಿದ ಬೀರು, ಕಪಾಟುಗಳ ಹಲಗೆಯನ್ನೂ ಬಿಡಿ.

ಕಾರ್ಖಾನೆಗಳ ಹಿಂದೆ ಸಿಗುವ ಪ್ಯಾಕಿಂಗ್ ಪ್ಯಾಲೆಟ್ ಅಗ್ಗ, ಗಟ್ಟಿ, ನನಗೂ ಇಷ್ಟ. ಆದರೆ ಅದರ ಪಕ್ಕೆಯಲ್ಲಿ ಸುಟ್ಟು ಒತ್ತಿದ ಮುದ್ರೆ ನೋಡದೆ ತರಬೇಡಿ. ಗೋಧಿ ತೆನೆಯ ಚಿತ್ರದ ಪಕ್ಕ ‘ಎಚ್‌ಟಿ’ ಎಂಬ ಅಕ್ಷರಗಳಿದ್ದರೆ ಬಿಸಿ ಕೊಟ್ಟು ಹುಳು ಕೊಂದದ್ದು, ತರಬಹುದು. ‘ಎಂಬಿ’ ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅಲ್ಲೇ ಬಿಡಿ. ಮುದ್ರೆಯೇ ಇಲ್ಲದ್ದು, ಎಣ್ಣೆಯ ಕಲೆ ಇದ್ದದ್ದು ಕೂಡ ಬೇಡ.

ಹೊಸದಾಗಿ ಪಾಲಿಶ್ ಮಾಡಿದರೆ ಕೈಗೆ ಅಂಟುವುದಿಲ್ಲ ಎಂದಾಕ್ಷಣ ಒಣಗಿತು ಎಂದಲ್ಲ. ಮೂಗಿಟ್ಟು ನೋಡಿದರೆ ಏನೂ ವಾಸನೆ ಬಾರದಷ್ಟು ದಿನ, ಕಡಿಮೆಯೆಂದರೆ ಎರಡು ಮೂರು ವಾರ, ಗಾಳಿಯಾಡುವ ಕಡೆ ಇಡಿ. ನಿಮ್ಮ ಮೂಗಿಗಿಂತ ನಾಯಿಯ ಮೂಗು ಎಷ್ಟು ಚುರುಕೆಂದು ನಾನು ಹೇಳಬೇಕಿಲ್ಲ. ಅಗಸೆ ಎಣ್ಣೆ ಹಚ್ಚಿದವರು ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ತಂತಿಯ ಮೇಲೆ ಹರವಿ ಒಣಗಿಸಿ.

ಗೋಂದು ಬಿಳಿಯದೇ ಇರಲಿ, ಬಡಗಿಗಳು ದಿನವೂ ಬಳಸುವಂಥದ್ದು. ಹಸಿ ತಾಗಿದರೆ ನೊರೆಯಂತೆ ಉಬ್ಬುವ ಪಾಲಿಯುರೆಥೇನ್ ಗೋಂದಿನ ಡಬ್ಬವನ್ನು ನಾಯಿ ಇರುವ ಮನೆಯೊಳಗೇ ತರಬೇಡಿ. ಸಿಹಿ ಇದೆಯೆಂದು ನೆಕ್ಕಿದರೆ ಹೊಟ್ಟೆಯಲ್ಲಿ ಹಿಗ್ಗಿ ಕಲ್ಲಾಗುತ್ತದೆ. ಆಮೇಲೆ ಶಸ್ತ್ರಚಿಕಿತ್ಸೆಯೇ ಗತಿ.

ಟೀಪಾಯಿ ಮಗುಚಿದರೆ ಮಂಚ

ನನಗೆ ತಿಳಿದಂತೆ ಇದಕ್ಕಿಂತ ಸುಲಭದ, ಇದಕ್ಕಿಂತ ಕಡಿಮೆ ಖರ್ಚಿನ ನಾಯಿಮಂಚ ಇಲ್ಲ. ಟೀಪಾಯಿಯನ್ನು ಮಗುಚಿ ಹಾಕಿ. ಕಾಲು ನಾಲ್ಕೂ ಮೇಲೆ ಬಂದವು, ಹಲಗೆ ನೆಲ ಸೇರಿತು, ನಡುವೆ ಹಾಸಿಗೆ. ಆಯಿತಲ್ಲ ಅನ್ನುತ್ತೀರಿ. ಆಗಲಿಲ್ಲ.

ಮೊದಲು ನಾಯಿಯನ್ನು ಅಳೆಯಿರಿ, ಟೀಪಾಯಿಯನ್ನಲ್ಲ. ಅದು ಕಾಲು ಚಾಚಿ ಪಕ್ಕಕ್ಕೆ ಮಲಗಿದಾಗ ಮೂಗಿನಿಂದ ಬಾಲದ ಬುಡದವರೆಗೆ ಟೇಪು ಹಿಡಿಯಿರಿ. ಅದರ ಮೇಲೆ ಒಂದು ಗೇಣು ಸೇರಿಸಿ. ಅಷ್ಟು ಉದ್ದ ಇಲ್ಲದ ಟೀಪಾಯಿ ಬೆಕ್ಕಿಗೆ ಆದೀತು, ನಿಮ್ಮ ಲ್ಯಾಬ್ರಡಾರ್‌ಗೆ ಆಗದು. ಮರಿ ಇರುವಾಗಿನ ಅಳತೆಗೆ ಮಾಡಬೇಡಿ. ಆರು ತಿಂಗಳಲ್ಲಿ ಮಂಚ ಹಾಗೇ ಇರುತ್ತದೆ, ನಾಯಿ ನೆಲದ ಮೇಲಿರುತ್ತದೆ.

ಮೇಲೆ ನಿಂತ ಕಾಲುಗಳನ್ನು ಹಾಗೇ ಬಿಡಬೇಡಿ. ಚೂಪು ತುದಿಯ ಸಣ್ಣ ಕಾಲಿಗೆ ನಾಯಿ ಕತ್ತು ಉಜ್ಜುತ್ತದೆ, ಕತ್ತಿನ ಪಟ್ಟಿ ಸಿಕ್ಕಿಕೊಳ್ಳುತ್ತದೆ, ಮನೆಯಲ್ಲಿ ಯಾರೂ ಇರುವುದಿಲ್ಲ. ಒಂದು ಗೇಣಿಗೆ ಕೊಯ್ದು, ತುದಿಯನ್ನು ಪೂರ್ತಿ ದುಂಡಾಗಿಸಿ. ಮುಂದಿನ ಎರಡು ಕಾಲನ್ನು ತೆಗೆದೇ ಬಿಟ್ಟರೆ ಇನ್ನೂ ಒಳ್ಳೆಯದು. ವಯಸ್ಸಾದ ನಾಯಿಗೆ ಹತ್ತಿ ಇಳಿಯಲು ಎದುರಿಗೆ ಏನೂ ಅಡ್ಡ ಇರಬಾರದು. ಡ್ಯಾಕ್ಸ್‌ಹಂಡ್‌ನಂಥ ಉದ್ದ ಬೆನ್ನಿನ, ಗಿಡ್ಡ ಕಾಲಿನ ನಾಯಿಯ ಬೆನ್ನುಹುರಿ ಜಿಗಿತಕ್ಕೆ ಕೆಡುತ್ತದೆ. ಅದಕ್ಕೆ ಎತ್ತರದ ಮಂಚ ಮಾಡಿಕೊಡಿ ಎಂದು ಬಂದವರನ್ನು ವಾಪಸು ಕಳಿಸಿದ್ದೇನೆ.

ಹಲಗೆಯನ್ನು ನೆಲಕ್ಕೆ ಒತ್ತಿ ಇಡಬೇಡಿ. ಬೆಳಗ್ಗೆ ನೆಲ ಒರೆಸುವ ನೀರು ಅಡಿಗೆ ಹೋಗಿ ಕೂರುತ್ತದೆ. ಕೊಯ್ದ ಕಾಲಿನ ತುಂಡುಗಳನ್ನೇ ಅಡಿಗೆ ನಾಲ್ಕು ಗುಜ್ಜು ಪಾದ ಮಾಡಿ, ರಬ್ಬರ್ ಬಿಲ್ಲೆ ಹೊಡೆಯಿರಿ. ಮೊಳೆ ಬೇಡ, ಸ್ಕ್ರೂ ಹಾಕಿ. ನಾಯಿ ದಿನಕ್ಕೆ ಹತ್ತು ಸಲ ಹತ್ತಿ ಸುತ್ತಿ ಮಲಗುವ ಅಲುಗಾಟಕ್ಕೆ ಮೊಳೆ ಒಂದೊಂದೇ ಕೂದಲೆಳೆ ಮೇಲೇಳುತ್ತದೆ. ನಿಮಗೆ ತಿಳಿಯುವುದು ಅದರ ಮೊಣಕೈ ಕೊಯ್ದ ಮೇಲೆ.

ಊರಿಗೆ ತಕ್ಕಂತೆ ಹಾಸಿಗೆ ಬದಲಿಸಿ. ಕಲಬುರಗಿಯ ಬೇಸಿಗೆಗೆ ನವಾರು ಮಂಚಕ್ಕೆ ಸಮ ಇಲ್ಲ, ಅಡಿಯಿಂದ ಗಾಳಿ ಆಡುತ್ತದೆ. ಮೂಲೆಗೆ ನಿಲ್ಲಿಸಿದ ಮುರುಕು ನವಾರು ಮಂಚವನ್ನು ಅರ್ಧಕ್ಕೆ ಕೊಯ್ದು ಗಿಡ್ಡ ಮಾಡಿದರೆ ಸಾಕು. ಅದನ್ನೇ ಮಡಿಕೇರಿಯ ಮಳೆಗಾಲಕ್ಕೆ ಒಯ್ದರೆ ನಾಯಿ ಅಡಿಯ ಚಳಿಗೆ ಮುದುಡಿಕೊಂಡಿರುತ್ತದೆ. ಅಲ್ಲಿ ಹಲಗೆಯ ಮೇಲೆ ದಪ್ಪ ಕೌದಿಯೇ ಸರಿ. ಎಲ್ಲೇ ಇರಲಿ, ಭಾರದ ನಾಯಿಯನ್ನು ಬರೀ ಸಿಮೆಂಟಿನ ಮೇಲೆ ಮಲಗಿಸಬೇಡಿ. ಮೊಣಕೈ ಜಡ್ಡುಗಟ್ಟಿ, ನೀರು ತುಂಬಿ ಊದುತ್ತದೆ.

ಕೌದಿ ಅಂದೆನಲ್ಲ, ಅದರಲ್ಲೂ ಎಚ್ಚರ ಬೇಕು. ಹಳೇ ಹತ್ತಿ ಸೀರೆಯದ್ದು ಹಾಕಿ, ಜರಿ ಅಂಚಿನದ್ದು ಬೇಡ. ನಾಲ್ಕು ಮೂಲೆಯ ಗೊಂಡೆ ಕತ್ತರಿಸಿ. ಬಿಸಿನೀರಲ್ಲಿ ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಉಣ್ಣಿ, ಚಿಗಟಗಳಿಗೆ ಮಂಚ ಮಾಡಿಕೊಟ್ಟಂತೆ. ಹಾಸಿಗೆಯ ಸಂದಿಗೆ ನುಸಿಗುಳಿಗೆ ಹಾಕುವುದಂತೂ ಬೇಡವೇ ಬೇಡ. ನ್ಯಾಫ್ತಲೀನ್ ನಾಯಿಗೂ ವಿಷ, ಬೆಕ್ಕಿಗೆ ಇನ್ನೂ ಹೆಚ್ಚು. ನಾಯಿಯ ಉಣ್ಣಿಗೆಂದು ತಂದ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕೂ ಮಲಗುವ ಮಂಚಕ್ಕೆ ಹೊಡೆದರೆ ಬೆಕ್ಕು ನಡುಗಿ ನಡುಗಿ ಸತ್ತೀತು. ಫಿನಾಯಿಲ್‌ನಲ್ಲಿ ಒರೆಸುವುದೂ ಹಾಗೆಯೇ. ಸೋಪು ನೀರು ಸಾಕು.

ಬೆಕ್ಕಿನ ಕಂಬ

ಬೆಕ್ಕಿಗೆ ಬೇಕಾದ್ದು ಎರಡೇ: ಪರಚಲು ಜಾಗ, ಮೇಲಿಂದ ನಮ್ಮನ್ನು ನೋಡಲು ಜಾಗ. ಇವೆರಡೂ ಕೊಡದೆ ಸೋಫಾ ಹರಿಯಿತೆಂದು ಬಯ್ಯುವುದು ನ್ಯಾಯವಲ್ಲ.

ಅಂಗಡಿಯವರು ‘ಸೈಸಲ್ ಹಗ್ಗ’ ಎಂದು ದುಬಾರಿಗೆ ಮಾರುವುದು ಬೇರೇನೂ ಅಲ್ಲ, ಕತ್ತಾಳೆ ನಾರಿನ ಹಗ್ಗ. ಬಯಲುಸೀಮೆಯಲ್ಲಿ ಹೊಲದ ಬೇಲಿಗೆ ನೆಟ್ಟ ಕತ್ತಾಳೆಯ ಜಾತಿಯದ್ದೇ. ಹಗ್ಗದ ಅಂಗಡಿಯಲ್ಲಿ ತೂಕಕ್ಕೆ ಕೊಡುತ್ತಾರೆ. ಎಷ್ಟು ಬೇಕೆಂದು ಹೋಗುವ ಮೊದಲೇ ಲೆಕ್ಕ ಹಾಕಿ. ಮುರಿದ ಡೈನಿಂಗ್ ಟೇಬಲ್ಲಿನ ಕಾಲು 8 ಸೆಂ.ಮೀ. ದಪ್ಪ, ಹಗ್ಗ 8 ಮಿ.ಮೀ. ಅಂದುಕೊಳ್ಳಿ. ಒಂದು ಸುತ್ತಿಗೆ ಸುಮಾರು 28 ಸೆಂ.ಮೀ. ಹಗ್ಗ ಹೋಗುತ್ತದೆ. 80 ಸೆಂ.ಮೀ. ಎತ್ತರ ಸುತ್ತಲು 100 ಸುತ್ತು. 28 ಮೀಟರ್ ಆಯಿತು, 30 ತನ್ನಿ. ಹತ್ತು ಮೀಟರ್ ತಂದು ಅರ್ಧ ಕಂಬ ಸುತ್ತಿ ‘ಸ್ಟೈಲ್’ ಅನ್ನುವವರನ್ನು ನೋಡಿದ್ದೇನೆ. ಬೆಕ್ಕು ಹಿಂಗಾಲಲ್ಲಿ ನಿಂತು ಪೂರ್ತಿ ಮೈ ಚಾಚಿ ಪರಚುತ್ತದೆ, ಅದಕ್ಕೆ ಬೇಕಾದ್ದು ಮೇಲರ್ಧ.

ನೈಲಾನ್ ಹಗ್ಗ ಸುತ್ತಬೇಡಿ, ಉಗುರು ಜಾರುತ್ತದೆ, ಎಳೆ ಬಿಚ್ಚಿದರೆ ಬೆಕ್ಕು ನುಂಗುತ್ತದೆ. ಬೆಕ್ಕಿನ ನಾಲಗೆಯ ಮುಳ್ಳು ಗಂಟಲ ಕಡೆಗೆ ಬಾಗಿರುವುದರಿಂದ ಬಾಯಿಗೆ ಹೋದ ದಾರ ಒಳಗೇ ಹೋಗುತ್ತದೆ, ಕರುಳನ್ನು ನೆರಿಗೆ ಹಿಡಿದಂತೆ ಎಳೆದು ಕೊಯ್ಯುತ್ತದೆ. ದಾರ ಹಿಂದಿನಿಂದ ಹೊರಗೆ ಇಣುಕಿದರೆ ಎಳೆಯಬೇಡಿ, ಪಶುವೈದ್ಯರಲ್ಲಿಗೆ ಓಡಿ. ತೆಂಗಿನ ನಾರಿನ ಹಗ್ಗ ನಡೆದೀತು, ಆದರೆ ನಾರು ಉದುರುತ್ತದೆ, ದಿನಾ ಗುಡಿಸುವ ಕೆಲಸ ನಿಮ್ಮದು. ಹಗ್ಗದ ತುದಿಯನ್ನು ಕಂಬಕ್ಕೆ ತೂತು ಕೊರೆದು ಒಳಗೆ ಸೇರಿಸಿ ಗೋಂದು ಹಾಕಿ. ಸ್ಟೇಪಲ್ ಪಿನ್ ಹೊಡೆಯಬೇಡಿ.

ಈಗ ಅಡಿಪಾಯ. ನನ್ನ ಮೊದಲ ಬೆಕ್ಕಿನ ಕಂಬ ಸ್ಟೂಲಿನ ಮೇಲೆ ಸ್ಟೂಲು ಇಟ್ಟು ಬಿಗಿದದ್ದು. ನೋಡಲು ಗಟ್ಟಿ, ಕೈಯಲ್ಲಿ ಅಲುಗಾಡಿಸಿದರೂ ಗಟ್ಟಿ. ರಾತ್ರಿ ಎರಡು ಗಂಟೆಗೆ ಬೆಕ್ಕು ಬೀರುವಿನ ಮೇಲಿಂದ ಹಾರಿತು. ಕಂಬ ಬಿತ್ತು, ಅದರ ಜೊತೆ ಮೂಲೆಯ ಹೂದಾನಿ, ಆಮೇಲೆ ನನ್ನ ಹೆಂಡತಿಯ ಮಾತು. ಬೆಕ್ಕಿಗೆ ಏನೂ ಆಗಲಿಲ್ಲ. ಆದರೆ ಒಂದು ತಿಂಗಳು ಅದು ಆ ಕೋಣೆಗೇ ಬರಲಿಲ್ಲ. ಬೆಕ್ಕಿನ ತೂಕ ನಾಲ್ಕು ಕೆಜಿ, ಸರಿ. ಆದರೆ ಹಾರಿ ಬಂದು ಇಳಿಯುವ ಬೆಕ್ಕಿನ ಪೆಟ್ಟು ಅದರ ಹಲವು ಪಟ್ಟು, ಅದೂ ಪಕ್ಕದಿಂದ. ಕಂಬ ಎಷ್ಟು ಎತ್ತರವೋ ಅಡಿಯ ಹಲಗೆ ಕನಿಷ್ಠ ಅದರ ಅರ್ಧದಷ್ಟು ಅಗಲ ಇರಲಿ ಎಂಬುದು ಆಮೇಲೆ ನಾನು ಮಾಡಿಕೊಂಡ ಲೆಕ್ಕ. ಎದೆಮಟ್ಟಕ್ಕಿಂತ ಮೇಲೆ ಹೋದರೆ ಗೋಡೆಗೆ ಎಲ್ ಪಟ್ಟಿ ಹಾಕಿ ಬಿಗಿಯಲೇಬೇಕು. ರಾವಲ್ ಪ್ಲಗ್ ಗಾರೆಯಲ್ಲೇ ನಿಂತರೆ ಪ್ರಯೋಜನವಿಲ್ಲ, ಇಟ್ಟಿಗೆಯ ಒಳಗೆ ಹೋಗಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ, ಒಳಗೆ ವೈರು ಇಳಿದಿರುತ್ತದೆ. ನನ್ನ ಡ್ರಿಲ್ ಸುಟ್ಟರೆ ಹೊಸದು ತಂದುಕೊಡಬೇಕು, ನೀವು ಸುಟ್ಟರೆ ನನ್ನಲ್ಲಿ ಪರಿಹಾರವಿಲ್ಲ.

ಅಡಿಪಾಯಕ್ಕೆ ಹಳೇ ಹೊಲಿಗೆ ಯಂತ್ರದ ಬೀಡು ಕಬ್ಬಿಣದ ಕಾಲು ಸಿಕ್ಕರೆ ಅದೃಷ್ಟ, ಆನೆ ಒರಗಿದರೂ ಬೀಳದು. ತುಳಿಯುವ ಪಟ್ಟಿ, ಗಾಲಿ, ಬೆಲ್ಟು ಎಲ್ಲ ಬಿಚ್ಚಿದ ಮೇಲೆ ಮಾತ್ರ. ಬಾಲ ಸಿಕ್ಕೀತು.

ಮೆಟ್ಟಿಲಿಗೆ ಹಲಸಿನ ಮಣೆ ಬಲು ಚೆನ್ನ, ಒಂದರಿಂದ ಒಂದಕ್ಕೆ ಒಂದೊಂದೂವರೆ ಅಡಿ ಅಂತರ ಕೊಟ್ಟು ಗೋಡೆಗೆ ಬಿಗಿಯಬಹುದು. ಆದರೆ ಅಟ್ಟದಿಂದ ಮಣೆ ಇಳಿಸುವ ಮೊದಲು ಮನೆಯ ಹಿರಿಯರನ್ನು ಕೇಳಿ. ಯಾವ ಮಣೆಯ ಮೇಲೆ ಯಾರ ಹಸೆ ನಡೆದಿದೆಯೋ ನಿಮಗೇನು ಗೊತ್ತು. ತೊಟ್ಟಿಲಿಗೂ ಇದೇ ಮಾತು. ಅಜ್ಜಿ ಬೇಡ ಅಂದರೆ ಬೇಡ. ಅವರೊಡನೆ ವಾದ ಮಾಡಿ ನನ್ನ ಹೆಸರು ಹೇಳಬೇಡಿ.

ಕಂಬವನ್ನು ಬಾಲ್ಕನಿಯ ಕಂಬಿಯ ಪಕ್ಕ ಇಡಬಾರದು. ನೋಟ ಚೆನ್ನಾಗಿರುತ್ತದೆ, ನಿಜ. ಪಾರಿವಾಳ ಕಂಡ ಕ್ಷಣ ಬೆಕ್ಕಿಗೆ ಮಹಡಿಯ ಲೆಕ್ಕ ಇರುವುದಿಲ್ಲ. ಬಲೆ ಬಿಗಿಸಿದ ಮೇಲೆ ಇಡಿ.

ಚಪ್ಪಲಿ ಗೂಡನ್ನು ಬೆಕ್ಕಿನ ಕಕ್ಕಸು ಮಾಡುವವರು ಬಾಗಿಲು ಮುಚ್ಚಿ ವಾಸನೆ ಅಡಗಿಸಲು ನೋಡುತ್ತಾರೆ. ವಾಸನೆ ಅಡಗುವುದು ನಿಮಗೆ, ಒಳಗೆ ಕೂರುವ ಬೆಕ್ಕಿಗೆ ಅಮೋನಿಯಾ ಕಣ್ಣಿಗೆ ರಾಚುತ್ತದೆ. ಹಿಂದಿನ ಹಲಗೆ ತೆಗೆದುಬಿಡಿ ಅಥವಾ ಎರಡು ಕಡೆ ದಾರಿ ಮಾಡಿ. ಒಳಗಿನ ತಟ್ಟೆ ಬೆಕ್ಕಿನ ಉದ್ದದ ಒಂದೂವರೆಯಷ್ಟಾದರೂ ಇರಲಿ.

ಯಾರು ಕೇಳಿದರೂ ನಾನು ಮಾಡಿಕೊಡದವು

ಹಳೇ ಡಬ್ಬಾ ಟಿವಿಯ ಒಳಗು ತೆಗೆದು ಬೆಕ್ಕಿನ ಮನೆ. ಚಿತ್ರದಲ್ಲಿ ನೋಡಿ ಆಸೆಪಟ್ಟು ಬರುತ್ತಾರೆ. ಆ ಗಾಜಿನ ಕೊಳವೆಯೊಳಗೆ ಗಾಳಿಯಿಲ್ಲ. ಕತ್ತು ಮುರಿದರೆ ಒಳಕ್ಕೆ ಸಿಡಿದು ಚೂರು ಹೊರಕ್ಕೆ ಹಾರುತ್ತವೆ. ಗಾಜಿನಲ್ಲಿ ಸೀಸ. ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಇಡಿಯಾಗಿ ಕೊಡಿ.

ಕೆಟ್ಟ ಫ್ರಿಜ್ಜು. ಬಾಗಿಲು ಕಳಚದ ಫ್ರಿಜ್ಜು ಯಾವ ಜೀವಕ್ಕೂ ಮನೆಯಲ್ಲ, ಮಕ್ಕಳಿಗೂ ಸೇರಿಸಿ. ಮುಚ್ಚಳವಿರುವ ಟ್ರಂಕು, ಸೂಟ್‌ಕೇಸು ಕೂಡ ಅಷ್ಟೇ. ಮುಚ್ಚಳ ಬಿಚ್ಚಿ ತನ್ನಿ, ಹಾಸಿಗೆ ಮಾಡೋಣ.

ಹಳೇ ಟೈರು. ಕೊಯ್ದರೆ ಒಳಗಿನ ಉಕ್ಕಿನ ತಂತಿ ಮುಳ್ಳಾಗಿ ನಿಲ್ಲುತ್ತದೆ, ಕೊಯ್ಯದೆ ಹೊರಗಿಟ್ಟರೆ ಮಳೆನೀರು ನಿಂತು ಡೆಂಗಿಯ ಸೊಳ್ಳೆ.

ಗಿಳಿಯ ಪಂಜರ. ನಮ್ಮ ಹಸಿರು ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಸಾಕುವುದೇ ಅಪರಾಧ, ನಕ್ಷತ್ರ ಆಮೆಯೂ ಹಾಗೆಯೇ. ಲವ್ ಬರ್ಡ್ಸ್‌ಗೆ ಆದರೆ ಮಾಡೋಣ. ಆಗಲೂ ಹೊಳೆಯುವ ಸತುವಿನ ಲೇಪದ ಅಗ್ಗದ ಜಾಲರಿ ಬೇಡ, ಹಕ್ಕಿ ಕಚ್ಚಿ ಕಚ್ಚಿ ಸತುವಿನ ವಿಷ ಏರುತ್ತದೆ. ಕೂರಲು ಪೇರಲೆಯ ಕೊಂಬೆ ಕಟ್ಟಿ. ಅಂಗಳದಲ್ಲಿದೆಯೆಂದು ಕಣಗಿಲೆಯ ಕೊಂಬೆ ಕಟ್ಟೀರಿ ಜೋಕೆ, ಅದರ ಎಲೆ, ಕಾಂಡ ಎಲ್ಲ ವಿಷ.

ಮೊಲಕ್ಕೆ ತಂತಿ ಜಾಲರಿಯ ನೆಲ. ತೊಳೆಯಲು ಸುಲಭ ನಿಮಗೆ. ಮೊಲದ ಅಂಗಾಲಿಗೆ ನಾಯಿಯದರಂತೆ ಮೆತ್ತೆ ಇಲ್ಲ, ಬರೀ ಕೂದಲು. ಹುಣ್ಣಾಗುತ್ತದೆ.

ಕಟ್ಟಿಹಾಕುವ ಕೊಂಡಿ ಇರುವ ಮಂಚ. ಗಿಡ್ಡ ಸರಪಳಿಯಲ್ಲಿ ದಿನವಿಡೀ ಕಟ್ಟುವುದೂ, ತಿರುಗಲು ಜಾಗವಿಲ್ಲದ ಗೂಡಿನಲ್ಲಿ ಕೂಡಿಡುವುದೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಡಿ ಅಪರಾಧ. ಮಲಗುವ ಜಾಗಕ್ಕೆ ಸರಪಳಿ ಯಾಕೆ?

ಊಟದ ತಟ್ಟೆ ಎತ್ತರಕ್ಕೆ ಕೂರಿಸುವ ಸ್ಟೂಲು. ಇದನ್ನು ಪೂರ್ತಿ ಇಲ್ಲ ಅನ್ನುವುದಿಲ್ಲ. ಸ್ಟೂಲಿನ ಮೇಲೆ ವೃತ್ತ ಕೊರೆದು ಬಟ್ಟಲು ಇಳಿಬಿಡುವುದು ಹತ್ತು ನಿಮಿಷದ ಕೆಲಸ. ಆದರೆ ದೊಡ್ಡ ತಳಿಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆಗೂ ಎತ್ತರದ ಬಟ್ಟಲಿಗೂ ನಂಟಿದೆಯೆಂದು 2000ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರ ಅಧ್ಯಯನ ಹೇಳಿತು. ಪಶುವೈದ್ಯರಲ್ಲಿ ಈಗಲೂ ಎರಡು ಮಾತಿದೆ. ಕತ್ತುನೋವಿನ ಮುದಿ ನಾಯಿಗೆ ಅದು ಉಪಕಾರವೂ ಹೌದು. ನಿಮ್ಮ ವೈದ್ಯರು ಸರಿ ಅಂದರೆ ಸ್ಟೂಲು ತನ್ನಿ.

ಮಾಡಿದ ಮೇಲೆ

ಹೊಸ ಮಂಚದ ಮೇಲೆ ನಾಯಿಯನ್ನು ಎತ್ತಿ ಕೂರಿಸಿ ಒತ್ತಿ ಹಿಡಿಯಬೇಡಿ. ಅದು ಮಲಗುವ ಹಳೇ ಬಟ್ಟೆಯನ್ನು ಒಗೆಯದೆ ಮೇಲೆ ಹಾಸಿ, ಸುಮ್ಮನಿರಿ. ಜನ ಕೂರುವ ಕೋಣೆಯಲ್ಲೇ ಇಡಿ. ಯುಟಿಲಿಟಿಯ ಮೂಲೆಗೆ, ವಾಷಿಂಗ್ ಮಷಿನ್ ಪಕ್ಕಕ್ಕೆ ತಳ್ಳಿದರೆ ಎಷ್ಟು ಚೆಂದದ ಮಂಚವಾದರೂ ಖಾಲಿ. ಅಪಾರ್ಟ್‌ಮೆಂಟಿನವರು ಬೀದಿನಾಯಿಗೆಂದು ಮಾಡಿದ್ದನ್ನು ಮೆಟ್ಟಿಲಲ್ಲಿ, ಲಿಫ್ಟಿನ ಬಾಗಿಲಲ್ಲಿ ಇಡಬೇಡಿ. ಬೆಂಕಿ ಬಿದ್ದರೆ ಓಡುವ ದಾರಿ ಅದು.

ತಿಂಗಳಿಗೊಮ್ಮೆ ಸ್ಕ್ರೂ ಬಿಗಿ ಮಾಡಿ. ಹಗ್ಗ ಸಡಿಲಾದರೆ ಅದೇ ದಿನ ಬದಲಿಸಿ. ಕಡಿದ ಮೂಲೆಯನ್ನು ಸಿಬಿರು ಏಳದಂತೆ ಉಜ್ಜಿ.

ಇನ್ನೊಂದು ಉಳಿಯಿತು, ಬರೆಯಲು ಮನಸ್ಸಿಲ್ಲ. ಪಾರ್ವೋ ಬಂದು ಮರಿ ಹೋದ ಮನೆಯವರು ಅದರ ಮಂಚವನ್ನು ಯಾರಿಗೂ ಕೊಡಬೇಡಿ. ಆ ವೈರಸ್ಸು ಬಿಸಿಲು, ಸೋಪು ಯಾವುದಕ್ಕೂ ಬೇಗ ಸಾಯುವುದಿಲ್ಲ, ತಿಂಗಳುಗಟ್ಟಲೆ ಕೂತಿರುತ್ತದೆ. ನುಣುಪು ಪ್ಲಾಸ್ಟಿಕ್ಕು, ಸ್ಟೀಲು ಆದರೆ ಚೆನ್ನಾಗಿ ತೊಳೆದು, ಒಂದು ಭಾಗ ಬ್ಲೀಚಿಗೆ ಮೂವತ್ತು ಭಾಗ ನೀರು ಬೆರೆಸಿ ಹತ್ತು ನಿಮಿಷ ನೆನೆಸಿದರೆ ಉಳಿಸಿಕೊಳ್ಳಬಹುದು. ಮರದ ಸೂಕ್ಷ್ಮ ರಂಧ್ರಗಳಿಗೆ, ಹಾಸಿಗೆಯ ಹತ್ತಿಗೆ ಬ್ಲೀಚು ಇಳಿಯುವುದಿಲ್ಲ. ಹೊಸ ಮರಿಗೆ 16 ವಾರದವರೆಗಿನ ಲಸಿಕೆ ಎಲ್ಲ ಮುಗಿದಿದ್ದರೂ ಆ ಮಂಚ ಬೇಡ. ಹೋದ ಮಳೆಗಾಲದಲ್ಲಿ ಹಿಂದಿನ ಮನೆಯವರ ಮರಿಗೆ ನಾನೇ ಟೀಪಾಯಿ ಮಗುಚಿ ಮಾಡಿಕೊಟ್ಟಿದ್ದೆ. ಆಮೇಲೆ ನಾನೇ ಬಿಚ್ಚಿದೆ. ಸ್ಟೀಲ್ ಸ್ಕ್ರೂಗಳನ್ನು ಬ್ಲೀಚಿನಲ್ಲಿ ನೆನೆಸಿ, ತೊಳೆದು, ಡ್ರಿಲ್ಲಿನ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಎಂಟು ಇವೆ. ಬೇಕಾದವರು ಡ್ರಿಲ್ ಜೊತೆಗೆ ಕೇಳಿ.